ನಮಗ ಆರು ಹೆಚ್ಚಾದವು

ನಮ್ಮ ಮನೆಯಲ್ಲಿ ಯಾವುದೂ ತೀರುತ್ತಿರಲಿಲ್ಲ, ಒಡೆಯುತ್ತಿರಲಿಲ್ಲ, ಆರುತ್ತಿರಲಿಲ್ಲ. ಡಬ್ಬಿಯ ತಳ ಕಂಡಾಗ ಅವ್ವ ‘ಅಕ್ಕಿ ಹೆಚ್ಚಾಗ್ಯಾವ’ ಎನ್ನುತ್ತಿದ್ದಳು. ಬಳೆ ಒಡೆದರೆ ಬಳೆ ಹೆಚ್ಚಾಯಿತು. ದೀಪ ಆರಿಸುವುದೆಂದರೆ ದೀಪ ದೊಡ್ಡದು ಮಾಡುವುದು. ಕೆಟ್ಟದ್ದನ್ನು ಬಾಯಿಬಿಟ್ಟು ಆಡಿದರೆ ಅದು ಮನೆಯೊಳಗೆ ಬಂದು ಕೂರುತ್ತದೆ ಎಂಬ ಹೆದರಿಕೆ ಆ ಕಾಲದ ಎಷ್ಟೋ ಮನೆಗಳಲ್ಲಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಅಜ್ಜನ ಮೇಲೆ. ಅವನು ಈ ಪದ್ಧತಿಯನ್ನು ಅಡಿಗೆಮನೆಯಿಂದ ಎತ್ತಿಕೊಂಡು ಹೋಗಿ ಫುಟ್‌ಬಾಲ್ ಬಯಲಿನಲ್ಲಿ ನೆಟ್ಟ. ಅವನು ಕಟ್ಟಿದ ಕ್ಲಬ್ಬು ಸೋತಾಗ ಸೋತಿತು ಎನ್ನುವಂತಿರಲಿಲ್ಲ. ಎದುರಿನವರು ಮೂರು ಗೋಲು ಹೊಡೆದರೆ ‘ಇವತ್ತ ನಮಗ ಮೂರು ಹೆಚ್ಚಾದವು’ ಎನ್ನಬೇಕು.

ಕ್ಲಬ್ಬನ್ನು ಜನ ಹಸಿರಂಗಿ ಎಂದು ಕರೆಯುತ್ತಿದ್ದರು. ಅದಕ್ಕೊಂದು ಉದ್ದನೆಯ ಸಂಸ್ಕೃತದ ಹೆಸರೂ ಇತ್ತು. ಅಜ್ಜನ ಹೊರತು ಅದನ್ನು ಯಾರೂ ಬಳಸಲಿಲ್ಲ. ಅಜ್ಜ ಹತ್ತಿ ಪ್ರೆಸ್ಸಿನಲ್ಲಿ ಕಾರಕೂನ. ಅಲ್ಲಿಯ ಬಿಳಿಯ ಇಂಜಿನಿಯರನೊಬ್ಬ ಹರಿದ ಚೆಂಡೊಂದನ್ನು ಬಿಸಾಡಿದನಂತೆ, ಅಜ್ಜ ಅದನ್ನು ಮೋಚಿಯ ಕಡೆ ಹೊಲಿಸಿ ತಂದನಂತೆ, ಪ್ರೆಸ್ಸಿನ ಹಮಾಲರೂ ಹುಬ್ಬಳ್ಳಿಯ ಕಮರಿಪೇಟೆಯ ನಮ್ಮ ಓಣಿಯ ಹುಡುಗರೂ ಸೇರಿ ಕ್ಲಬ್ಬಾಯಿತಂತೆ. ಈ ‘ಅಂತೆ’ಗಳೆಲ್ಲ ಅಜ್ಜನ ಬಾಯಿಂದಲೇ ಬಂದವು. ಸೋಲನ್ನು ಹೆಚ್ಚಳ ಎನ್ನುವ ಮನುಷ್ಯ ಹುಟ್ಟಿನ ಕತೆಯನ್ನು ಮಾತ್ರ ನೆಟ್ಟಗೆ ಹೇಳಿರುತ್ತಾನೆ ಎಂದು ನಂಬಲು ನನಗೆ ಆಗುವುದಿಲ್ಲ. ಖಚಿತವಾಗಿ ಗೊತ್ತಿರುವುದು ಇಷ್ಟು: ಗೋಲು ಕಾಯುವ ಕೆಲಸ ನಮ್ಮ ಮನೆಯ ಹಿರಿಯ ಮಗನದು. ಅಜ್ಜ ಕಚ್ಚೆ ಬಿಗಿದು ಕಾಯ್ದ. ಅವನ ಮೊಣಕಾಲು ಹೋದ ಮೇಲೆ ಅಪ್ಪ ಕಾಯ್ದ. ಅಪ್ಪನ ನಂತರ ನಾನು. ಸಂಧ್ಯಾವಂದನೆ ಮಾಡುತ್ತೀಯೋ ಎಂದು ಹೇಗೆ ಯಾರೂ ನನ್ನನ್ನು ಕೇಳಲಿಲ್ಲವೋ ಹಾಗೆಯೇ ಇದನ್ನೂ ಕೇಳಲಿಲ್ಲ.

ತೊಗಲಿನ ಚೆಂಡನ್ನು ಮಡಿಯ ಮನೆಯಲ್ಲಿ ಎಲ್ಲಿಡಬೇಕು ಎಂಬುದು ನನ್ನ ಹುಟ್ಟಿಗಿಂತ ಹಳೆಯ ಜಗಳ. ಕೊನೆಗೆ ಹೊರಗಿನ ಕಟ್ಟೆಯ ಮೇಲಿನ ಗೂಡಿನಲ್ಲಿ ಅದಕ್ಕೆ ಜಾಗ ಆಗಿತ್ತು. ಅದನ್ನು ಮುಟ್ಟಿದವರು ಪಡಸಾಲೆ ದಾಟುವ ಮೊದಲು ಕೈಕಾಲು ತೊಳೆಯಬೇಕು. ಮಠದ ಆಚಾರ್ಯರೊಬ್ಬರು ಒಮ್ಮೆ ಆ ಗೂಡನ್ನು ನೋಡಿ ಮೂಗು ಮುಚ್ಚಿದಾಗ ಅಜ್ಜ ಕೊಟ್ಟ ಉತ್ತರವನ್ನು ಓಣಿಯವರು ಬಹಳ ದಿನ ಆಡಿಕೊಂಡರು.

“ಭಜನಿ ಮಾಡುವಾಗ ಮೃದಂಗ ಬಾರಸ್ತೀರಲ್ಲ ಆಚಾರ್ಯರ, ಅದಕ್ಕ ಬಾಳಿ ಎಲಿ ಸುತ್ತಿರ್ತಾರೇನ್ರಿ?”

ಈ ಮಾತು ಹೇಳಿದ ಅಜ್ಜನನ್ನು ನಾನು ಈಗಲೂ ಇಷ್ಟಪಡುತ್ತೇನೆ. ಅಷ್ಟು ಧೈರ್ಯವಿದ್ದ ಮನುಷ್ಯ ಒಂದು ಸಣ್ಣ ಶಬ್ದಕ್ಕೆ ಯಾಕೆ ಹೆದರಿದ ಎಂಬುದೇ ನನಗೆ ತಿಳಿಯದ ಮಾತು. ಹಸಿರು ಬಣ್ಣದ ಉಸ್ತುವಾರಿ ಅವ್ವನದಾಗಿತ್ತು. ಬಿಳಿ ಅಂಗಿಗಳನ್ನು ಅವಳು ಹಿತ್ತಲಿನ ಹಂಡೆಯಲ್ಲಿ ಅದ್ದಿ ಬಣ್ಣ ಹಾಕುತ್ತಿದ್ದಳು. ಆಟವೆಲ್ಲ ಮಳೆಗಾಲದಲ್ಲಿ, ಬಣ್ಣ ಅಗ್ಗದ್ದು, ಅರ್ಧ ಆಟ ಮುಗಿಯುವುದರೊಳಗೆ ಹಸಿರು ಅಂಗಿಯಿಂದ ಇಳಿದು ಮೈಗೆ, ಧೋತರಕ್ಕೆ, ನೆಲಕ್ಕೆ ಹರಿಯುತ್ತಿತ್ತು. ಮತ್ತೆ ಸೋಮವಾರ ಹಂಡೆ. ಅವ್ವನ ಉಗುರಿನ ಸಂದಿಯಲ್ಲಿ ಆಷಾಢದಿಂದ ನವರಾತ್ರಿಯತನಕ ಹಸಿರು ಹೋಗುತ್ತಿರಲಿಲ್ಲ. ಆ ಬೆರಳುಗಳಿಂದಲೇ ಅವಳು ನಮಗೆ ಭಕ್ಕರಿ ಬಡಿದು ಹಾಕಿದಳು. ಒಂದು ಆಟವನ್ನೂ ಅವಳು ನೋಡಲಿಲ್ಲ. ಯಾರೂ ಅವಳನ್ನು ಕರೆಯಲಿಲ್ಲ.

ಬಯಲು ಬೈರಿದೇವರಕೊಪ್ಪದ ದಾರಿಯಲ್ಲಿತ್ತು. ಎರೆ ಮಣ್ಣು, ಬಿದಿರಿನ ಗೋಲುಗಂಬ. ರವಿವಾರ ಸಂಜೆ ಆಟ ಮುಗಿಸಿ ದುರ್ಗದಬೈಲ್ ಹಾಯ್ದು ಮನೆಗೆ ಬರಬೇಕು. ಅಜ್ಜನ ಶಬ್ದ ಇಡೀ ಬಜಾರಿಗೆ ಗೊತ್ತಿತ್ತು. ಎಲೆ ಅಡಿಕೆಯ ಅಂಗಡಿಯ ಮೌಲಾಸಾಬ ಅಂಗಡಿಯಿಂದಲೇ ಕೂಗುತ್ತಿದ್ದ:

“ರಾಯರ, ನಮಸ್ಕಾರ್ರಿ! ಇವತ್ತ ಎಷ್ಟು ಹೆಚ್ಚಾದವ್ರಿ?”

“ಮೂರೋ, ಮೌಲಾಸಾಬ.”

“ಛಲೋ ಆತ ಬಿಡ್ರಿ. ಹಿಂದಿನ ವಾರ ಐದು ಹೆಚ್ಚಾಗಿದ್ವು. ಹಿಂಗ ಆದ್ರ ಮುಂದ ಕಮ್ಮಿ ಆಗಿಬಿಡ್ತಾವ!”

ಸುತ್ತಲಿನವರು ನಗುತ್ತಿದ್ದರು. ಅಜ್ಜನೂ ನಗುತ್ತಿದ್ದ. ನಾನು ಅಪ್ಪನ ಬೆರಳು ಹಿಡಿದು ನಡೆಯುವ ವಯಸ್ಸಿನವನು, ನಾನೂ ನಗುತ್ತಿದ್ದೆ, ಯಾಕೆಂದರೆ ಹೆಚ್ಚಾಯಿತು ಎನ್ನುವುದನ್ನು ನಾನು ಅಕ್ಷರಶಃ ನಂಬಿದ್ದೆ.

ಮನೆಗೆ ಬಂದ ಮೇಲೆ ಇನ್ನೊಂದು ಪದ್ಧತಿ. ಮನೆಯಲ್ಲಿ ಸಾವಾದರೆ ಸೂತಕ ಕಳೆಯುವತನಕ ಅಡಿಗೆಗೆ ಒಗ್ಗರಣೆ ಹಾಕುವುದಿಲ್ಲ. ಎಣ್ಣೆ ಕಾಯಿಸಿ ಸಾಸಿವೆ ಸಿಡಿಸುವ ಸದ್ದು ನೆಟ್ಟಗಿರುವ ಮನೆಯ ಸದ್ದು. ಸಾವಿನ ಮನೆಯಲ್ಲಿ ಅದು ಕೇಳಬಾರದು. ಹಸಿರಂಗಿಗೆ ಹೆಚ್ಚಾದ ದಿನ ನಮ್ಮ ಮನೆಯಲ್ಲೂ ಅದು ಕೇಳಬಾರದು ಎಂದು ಅಜ್ಜ ಮಾಡಿದ್ದ. ಬೇಯಿಸಿದ ಬೇಳೆ, ಉಪ್ಪು, ಅನ್ನ, ಅಷ್ಟೇ. ಹೆಸರು ಹೇಳದ ಸೋಲು ಹೀಗೆ ಬಾಯಿಯ ಬದಲು ತಾಟಿಗೆ ಬಂದು ಕೂರುತ್ತಿತ್ತು. ಗೆದ್ದ ದಿನ ಒಗ್ಗರಣೆ ಇತ್ತೇ ಎಂದು ಕೇಳಬೇಡಿ. ಗೆದ್ದ ದಿನಗಳು ನನಗೆ ನೆನಪಿಲ್ಲ; ಇದ್ದವೋ ಇಲ್ಲವೋ ಅದೂ ಅನುಮಾನ. ಅವ್ವ ಒಳಗಿನಿಂದ, ಯಾರಿಗೆಂದೂ ಹೇಳದೆ, ಆದರೆ ಎಲ್ಲರಿಗೂ ಕೇಳುವಂತೆ ಗೊಣಗುತ್ತಿದ್ದಳು:

“ದೇವರಾದ್ರ ತಿಂಗಳಿಗೆ ಎರಡ ಏಕಾದಶಿ ಇಟ್ಟಾನ. ಈ ಚೆಂಡು ವಾರಕ್ಕೊಂದು ಇಟ್ಟದ.”

ಒಂದು ಸೋಮವಾರ ನಾನು ಸಾಲೆಯಲ್ಲಿ ಎದೆ ಉಬ್ಬಿಸಿ ಹೇಳಿದೆ, ನಿನ್ನೆ ನಮಗ ನಾಕು ಹೆಚ್ಚಾದವು ಎಂದು. ನನ್ನ ಪಕ್ಕ ಕೂರುತ್ತಿದ್ದ ಬಸ್ಯಾ, ಹತ್ತಿ ವ್ಯಾಪಾರಿಯ ಮಗ, ಹಿಂದಿನ ದಿನ ತಂದೆಯ ಜೊತೆ ಬಯಲಿಗೆ ಬಂದಿದ್ದ.

“ಹೆಚ್ಚಾದ್ವಾ? ಲೇ, ನಿಮಗ ನಾಕು ಹೊಡದಾರಲೇ! ನಿಮ್ಮಪ್ಪ ಕೆಸರಾಗ ಎಮ್ಮಿ ಹಂಗ ಬಿದ್ದಿದ್ದ. ನಾ ಕಣ್ಣಾರೆ ನೋಡೇನಿ.”

“ಸುಳ್ಳ!”

“ಸುಳ್ಳಂತ! ನಿಮ್ಮ ಹಸರಂಗಿ ಗೆದ್ದಿದ್ದು ನಮ್ಮಪ್ಪನೂ ನೋಡಿಲ್ಲಂತ, ನಮ್ಮ ಮುತ್ಯಾನೂ ನೋಡಿಲ್ಲಂತ.”

ವರ್ಗದ ಹುಡುಗರೆಲ್ಲ ಬೆಂಚು ಬಡಿದು ನಕ್ಕರು. ಬಸ್ಯಾನ ಅಂಗಿ ಹರಿದೆ, ಅವನು ನನ್ನ ಮೂಗಿಗೆ ಗುದ್ದಿದ. ಸಂಜೆ ಮನೆಗೆ ಹೋದವನೇ ಕಟ್ಟೆಯ ಮೇಲೆ ಕೂತಿದ್ದ ಅಜ್ಜನನ್ನು ಕೇಳಿದೆ:

“ಅಜ್ಜಾ, ನಿನ್ನೆ ನಾವು ಸೋತಿವೇನು?”

ಅಜ್ಜ ಬೈಯಲಿಲ್ಲ, ಹೊಡೆಯಲೂ ಇಲ್ಲ. ತಂಬಿಗೆಯನ್ನು ನನ್ನ ಕೈಗಿಟ್ಟ.

“ದೀಪಾ ಹಚ್ಚೋ ಹೊತ್ತಿನ್ಯಾಗ ಎಂಥಾ ಮಾತಾಡ್ತೀಯೋ? ಹೋಗು, ಬಾಯಿ ಮುಕ್ಕಳಿಸಿ ಬಾ.”

ಮೂಗಿನಿಂದ ಇಳಿದ ರಕ್ತ ತುಟಿಯ ಮೇಲೆ ಒಣಗಿ ಇನ್ನೂ ಅಂಟಿತ್ತು. ಅಜ್ಜ ತೊಳೆಯಲು ಹೇಳಿದ್ದು ರಕ್ತವನ್ನಲ್ಲ, ಶಬ್ದವನ್ನು. ಬಚ್ಚಲಲ್ಲಿ ನಿಂತು ಬಾಯಿ ಮುಕ್ಕಳಿಸುವಾಗ ನನಗೆ ಮೊದಲ ಸಲ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಮುಂದೆ ನಾನು ತರ್ಕಶಾಸ್ತ್ರ ಓದಿದೆ, ಯಾರು ಏನು ಹೇಳಿದರೂ ‘ಹಾಗೆಂದರೇನು?’ ಎಂದು ಕೇಳುವ ಚಟ ಹಚ್ಚಿಕೊಂಡೆ, ಆ ಚಟದಿಂದ ಎರಡು ನೌಕರಿ ಕಳೆದುಕೊಂಡೆ. ಇದೆಲ್ಲ ಆ ಬಚ್ಚಲಲ್ಲಿ ಶುರುವಾಯಿತು ಎಂದು ಹೇಳುವುದು ಸುಲಭ. ಅಷ್ಟು ಸುಲಭವಾದದ್ದನ್ನು ನಾನೇ ನಂಬುವುದಿಲ್ಲ. ಆದರೆ ತಂಬಿಗೆಯ ತಣ್ಣನೆಯ ಕಂಠ ಮಾತ್ರ ಅಂಗೈಗೆ ಇನ್ನೂ ನೆನಪಿದೆ.

ನಾನೇ ಗೋಲಿನಲ್ಲಿ ನಿಂತ ಮೇಲೆ ಸಿಟ್ಟಿಗೆ ಕಾರಣ ಸಿಕ್ಕಿತು. ಬಯಲು ಸಮತಟ್ಟಾಗಿರಲಿಲ್ಲ. ತೆಂಕಣ ದಿಕ್ಕಿನ ಗೋಲಿನ ಮುಂದೆ ತಗ್ಗು. ಮಳೆ ಬಂದರೆ ಹಿಮ್ಮಡಿ ಮುಳುಗುವಷ್ಟು ನೀರು. ನಾಣ್ಯ ಚಿಮ್ಮಿ ಯಾವ ಕಡೆ ಬೇಕೆಂದು ಕೇಳಿದಾಗ ನಮ್ಮವರು ಪ್ರತಿ ಸಲ ಆ ತಗ್ಗನ್ನೇ ಆರಿಸುತ್ತಿದ್ದರು! ಯಾಕೆಂದರೆ ಬಡಗಣ ಕಡೆ ನಿಂತರೆ ದಕ್ಷಿಣಕ್ಕೆ ಮುಖ ಮಾಡಿ ಆಟ ಶುರು ಮಾಡಬೇಕಾಗುತ್ತದೆ. ದಕ್ಷಿಣ ಯಮನ ದಿಕ್ಕು. ಎದುರಿನವರು ಯಮನಿಗೆ ಮುಖ ಮಾಡಿ ನಿಂತು ನಗುನಗುತ್ತ ನಮಗೆ ಗೋಲು ಹೊಡೆಯುತ್ತಿದ್ದರು. ಅರ್ಧ ಆಟಕ್ಕೆ ಕಡೆ ಬದಲಾಗುವುದರೊಳಗೆ ನಮ್ಮವರ ಕಾಲಲ್ಲಿ ಕಸುವು ಉಳಿದಿರುತ್ತಿರಲಿಲ್ಲ. ನಾನು ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಮೆದು ಮನುಷ್ಯ, ಅಜ್ಜನ ಎದುರು ಎತ್ತರದ ದನಿಯಲ್ಲಿ ಮಾತಾಡಿದವನಲ್ಲ.

“ಖರೇ ಅದ,” ಎಂದ. “ಆದ್ರ ಇದನ್ನ ಹ್ಯಾಂಗ ಹೇಳಬೇಕು ಅವರಿಗೆ? ಯಾಕ ಕಡೆ ಬದಲಿಸಬೇಕು ಅಂತ ಕೇಳಿದ್ರ ಏನನ್ನೋದು?”

“ಸೋಲಾಕತ್ತೀವಿ ಅನ್ನೋದು.”

ಅಪ್ಪ ಬಾಗಿಲ ಕಡೆ ನೋಡಿದ, ಅಜ್ಜ ಕೇಳಿಸಿಕೊಂಡನೇನೋ ಎಂದು. ಅಲ್ಲಿಗೆ ಆ ಮಾತು ಮುಗಿಯಿತು. ಸೋತೆವು ಎನ್ನಲಾರದವರು ಯಾಕೆ ಸೋತೆವು ಎಂದು ಕೇಳಲಾರರು. ಹಮಾಲರ ಮಕ್ಕಳು, ನೇಕಾರರ ಮಕ್ಕಳು, ಬರಿಗಾಲಿನ ಒಳ್ಳೆಯ ಆಟಗಾರರು, ಒಂದು ಶಬ್ದದ ಸಲುವಾಗಿ ವರ್ಷಾನುಗಟ್ಟಲೆ ಆ ತಗ್ಗಿನಲ್ಲಿ ಹೂತುಕೊಂಡರು. ಇದನ್ನು ನಿಷ್ಠೆ ಎಂದು ಕರೆಯುತ್ತಾರೆ. ಊರಿನ ಹಿರಿಯರು ಇಂದಿಗೂ ಕಣ್ಣಲ್ಲಿ ನೀರು ತಂದುಕೊಂಡು, ‘ನಿಮ್ಮ ಮನೆಯವರ ನಿಷ್ಠೆ ದೊಡ್ಡದು’ ಎನ್ನುತ್ತಾರೆ. ನನಗೆ ಎದ್ದು ಹೋಗಬೇಕೆನಿಸುತ್ತದೆ.

ನಾನು ಮ್ಯಾಟ್ರಿಕ್ ಪಾಸಾದ ವರ್ಷ ಅವ್ವ ತನ್ನ ಅಣ್ಣನಿಗೆ ಹೇಳಿ ಕಳಿಸಿದಳು. ಮಾಮಾ ಧಾರವಾಡದಲ್ಲಿ ಮಾಸ್ತರ. ಅವರ ಮನೆಯಲ್ಲಿ ಇದ್ದುಕೊಂಡು ನಾನು ಕಾಲೇಜು ಓದಬೇಕೆಂದು ಮಾತಾಯಿತು. ಸೋಮವಾರ ಮುಂಜಾನೆಯ ಗಾಡಿಗೆ ಮಾಮಾ ನನ್ನನ್ನು ಕರೆದೊಯ್ಯಲು ಬರುವವರಿದ್ದರು. ಅಪ್ಪನೂ ಹೂಂ ಅಂದಿದ್ದ. ಅವ್ವ ನನ್ನ ಎರಡು ಧೋತರಗಳನ್ನು ಒಗೆದು ಮಡಿಚಿ ಟ್ರಂಕಿಗೆ ಹಾಕಿದ್ದಳು. ಬಿಳಿಯ ಬಟ್ಟೆ, ಹಸಿರಿನ ಒಂದು ಕಲೆಯೂ ಇಲ್ಲದ್ದು. ಹಿಂದಿನ ದಿನ ರವಿವಾರ ಒಂದು ಕಾರ್ಖಾನೆಯ ತಂಡದ ಜೊತೆ ಆಟವಿತ್ತು. ಅವರ ಕಾಲಲ್ಲಿ ಬೂಟು. ನಮ್ಮವರು ಎಂದಿನಂತೆ ಯಮನಿಗೆ ಬೆನ್ನು ತೋರಿಸಿ ತಗ್ಗಿನಲ್ಲಿ ನಿಂತರು. ಆರು ಗೋಲು ಆದವು. ಆರನೆಯದನ್ನು ತಡೆಯಲು ನಾನು ಹಾರಲೂ ಇಲ್ಲ. ಚೆಂಡು ಬರುವುದನ್ನು ನೋಡುತ್ತ ನಿಂತಿದ್ದೆ.

ಸಂಜೆ ನಡುಮನೆಯಲ್ಲಿ ಮಣೆ ಹಾಕಿದ್ದರು. ಅಜ್ಜ, ಅಪ್ಪ, ನಾನು ಸಾಲಾಗಿ ಕೂತೆವು. ತಂಗಿ ಗೋದಾ, ಹದಿಮೂರರ ಹುಡುಗಿ, ಒಳಗೆ ಅವ್ವನ ಕೈಗೆಲಸಕ್ಕಿದ್ದಳು. ಅವಳ ಸಾಲೆ ಬಿಡಿಸಿ ಎರಡು ವರ್ಷವಾಗಿತ್ತು. ಅವ್ವ ಅನ್ನ ಬಡಿಸಿದಳು, ಸಪ್ಪನೆಯ ಬೇಳೆ ಬಡಿಸಿದಳು, ಒಳಗೆ ಹೋದಳು. ಅಜ್ಜ ಮೊದಲ ತುತ್ತು ಕಲೆಸುತ್ತ ಹೇಳಿದ:

“ಇವತ್ತ ನಮಗ ಆರು ಹೆಚ್ಚಾದವು. ಇಂಥಾ ಹೊತ್ತಿನ್ಯಾಗ ಗೋಲು ಬಿಟ್ಟು ಹೋಗೂದಂದ್ರ ಮನಿ ಬಾಗಲಾ ತಗದಿಟ್ಟು ಹೋದಂಗ. ಧಾರವಾಡ ಎಲ್ಲೂ ಓಡಿ ಹೋಗೂದಿಲ್ಲ. ಮುಂದಿನ ವರ್ಷ ನೋಡೋಣಂತ.”

ಅಪ್ಪ ತಲೆ ತಗ್ಗಿಸಿದ. “ಹೌದು, ಒಂದ ವರ್ಷದ ಮಾತು,” ಎಂದ.

ಒಂದು ವರ್ಷ ಎನ್ನುವುದು ನಮ್ಮ ಮನೆಯಲ್ಲಿ ಎಂದೆಂದಿಗೂ ಎಂಬುದಕ್ಕೆ ಇಟ್ಟ ಹೆಸರು. ಅಪ್ಪನೂ ಒಂದು ಕಾಲಕ್ಕೆ ಪುಣೆಗೆ ಓದಲು ಹೋಗುವವನಿದ್ದ, ಮುಂದಿನ ವರ್ಷ. ಅಷ್ಟರಲ್ಲಿ ಒಳಗೆ ಎಣ್ಣೆ ಕಾದ ವಾಸನೆ ಬಂತು. ಆಮೇಲೆ ಆ ಸದ್ದು. ಸಾಸಿವೆ ಒಂದೊಂದಾಗಿ ಸಿಡಿದು, ಆಮೇಲೆ ಎಲ್ಲ ಒಟ್ಟಿಗೆ ಚಟಪಟ ಎಂದವು. ಇಂಗು, ಕರಿಬೇವು, ಒಣಮೆಣಸಿನಕಾಯಿಯ ಘಾಟು. ಅಜ್ಜನ ಕೈ ತಾಟಿನ ಮೇಲೆಯೇ ನಿಂತಿತು. ಅವ್ವ ಒಗ್ಗರಣೆಯ ಸೌಟು ಹಿಡಿದು ಹೊರಗೆ ಬಂದಳು. ಮದುವೆಯಾಗಿ ಬಂದಾಗಿನಿಂದ ಅವಳು ಮಾವನ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಗೋದಾಳ ಮೂಲಕ. ಬಗ್ಗಿ ನೇರವಾಗಿ ಅಜ್ಜನ ಬೇಳೆಗೆ ಸೌಟು ಬಗ್ಗಿಸಿದಳು. ಚುರ್ ಎಂದಿತು.

“ಸೋತೀರಿ, ಮಾವನವರ,” ಎಂದಳು. “ಸತ್ತಿಲ್ಲ. ಉಣ್ರಿ.”

ಅವಳು ಅಪ್ಪನ ತಾಟಿಗೆ ಹಾಕಿದಳು, ನನ್ನ ತಾಟಿಗೆ ಹಾಕಿದಳು.

“ಆರು ಸೋತೀರಿ. ಹೋದ ವಾರನೂ ಸೋತೀರಿ. ನಾ ಈ ಮನಿಗೆ ಬಂದಾಗಿಂದ ಸೋತೀರಿ. ಸೋಲ್ರಿ, ಬ್ಯಾಡನ್ನೂದಿಲ್ಲ. ಆದ್ರ ಇವ ನಾಳೆ ಮುಂಜಾನೆ ಗಾಡಿಗೆ ಹೋಗ್ತಾನ.”

ಅಜ್ಜನ ಮುಖ ಬಿಳಿಚಿತು. ಅಪ್ಪ ಅನ್ನ ಕಲೆಸಿದ, ಒಂದು ತುತ್ತು ಬಾಯಿಗಿಟ್ಟ, ನುಂಗಿದ.

“ಇಂಗು ಒಂದೀಟು ಜಾಸ್ತಿ ಆಗ್ಯದ,” ಎಂದ.

ಅವನ ಇಡೀ ಬಾಳಿನಲ್ಲಿ ಅಜ್ಜನ ವಿರುದ್ಧ ಅವನು ಎತ್ತಿದ ದನಿ ಅದೊಂದೇ.

ಇದು ನನ್ನ ನೆನಪು. ಗೋದಾ ಇದನ್ನು ಒಪ್ಪುವುದಿಲ್ಲ. ಕಳೆದ ದೀಪಾವಳಿಗೆ ಈ ಪ್ರಸಂಗವನ್ನು ನಾನು ಮಕ್ಕಳ ಮುಂದೆ ಹೇಳಿದಾಗ ಅವಳು ಕೈಯಲ್ಲಿದ್ದ ಬಟ್ಟಲನ್ನು ಕುಕ್ಕಿ ಕೆಳಗಿಟ್ಟಳು.

“ಅಣ್ಣಾ, ಒಗ್ಗರಣಿ ಹಾಕಿದಾಕಿ ಅವ್ವ ಅಲ್ಲ. ನಾ ಹಾಕಿದೆ. ಅವ್ವ ಅಳಕೋತ ಕೂತಿದ್ದಳು. ಎಣ್ಣಿ ಇಟ್ಟು ಸಾಸಿವಿ ಒಗದಾಕಿ ನಾ. ಅವ್ವ ಹೆದರಿ ನನ್ನ ಕೈಯಾಗಿಂದ ಸೌಟು ಕಸಗೊಂಡಳು. ಕಸಗೊಂಡ ಮ್ಯಾಲೆ ಆಕಿಗೆ ಏನಾತೋ, ತಾನ ಹೊರಗ ಬಂದಳು.”

“ನನಗ ಇದು ಗೊತ್ತೇ ಇಲ್ಲಲ್ಲ.”

“ನಿನಗ ಹ್ಯಾಂಗ ಗೊತ್ತಾಗಬೇಕು? ನೀ ಮಣಿ ಮ್ಯಾಲೆ ಕೂತಿದ್ದಿ. ನಿನ್ನ ಸಾಲಿ ಉಳೀಲಿ ಅಂತ ನಾ ಹಾಕಿದೆ. ನನ್ನ ಸಾಲಿಗೆ ಯಾರು ಒಗ್ಗರಣಿ ಹಾಕಿದ್ರು?”

ಅಜ್ಜ ಉಂಡನೋ, ಅರ್ಧಕ್ಕೇ ಎದ್ದು ಕಟ್ಟೆಗೆ ಹೋದನೋ ಎಂಬುದರಲ್ಲೂ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯ. ನಾನು ಉಂಡ ಎನ್ನುತ್ತೇನೆ. ಎದ್ದು ಹೋಗಿ ಗೂಡಿನಲ್ಲಿದ್ದ ಚೆಂಡಿಗೆ ಹರಳೆಣ್ಣೆ ತಿಕ್ಕುತ್ತ ಕೂತ ಎಂದು ಅವಳು ಹೇಳುತ್ತಾಳೆ. ಪ್ರಮಾಣ ಕೊಡಲು ಬೇರೆ ಯಾರೂ ಉಳಿದಿಲ್ಲ. ಅಡಿಗೆಮನೆಯಲ್ಲಿ ಆದದ್ದನ್ನು ನಾನು ಕಣ್ಣಿನಿಂದ ನೋಡಿಲ್ಲ, ಕಿವಿಯಿಂದ ಕೇಳಿದ್ದೇನೆ, ಅಷ್ಟೇ. ಗೋದಾ ಅಲ್ಲೇ ಇದ್ದಳು. ಸಾಕ್ಷಿಯ ನಿಯಮದಂತೆ ಅವಳ ಮಾತೇ ಗಟ್ಟಿ. ನನ್ನ ನೆನಪಿನಲ್ಲಿ ಅವಳನ್ನು ಬಾಗಿಲ ಮರೆಗೆ ನಿಲ್ಲಿಸಿದ್ದು ಯಾರು? ನಾನೇ ಇರಬೇಕು, ಇಲ್ಲವೆ ಆ ಮನೆಯೇ ನನ್ನೊಳಗೆ ಕೂತು ನಿಲ್ಲಿಸಿರಬೇಕು. ಎರಡೂ ನನಗೆ ಸಿಟ್ಟು ತರಿಸುವ ಉತ್ತರಗಳೇ.

ಸೋಮವಾರ ನಾನು ಮಾಮಾನ ಜೊತೆ ಗಾಡಿ ಹತ್ತಿದೆ. ಅಜ್ಜ ಸ್ಟೇಷನ್ನಿಗೆ ಬರಲಿಲ್ಲ. ಅಪ್ಪ ಬಂದ. ಗಾಡಿ ಹೊರಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದು ಹೇಳಿದ:

“ಬರೂ ರವಿವಾರ ನಾನ ನಿಂದರ್ತೇನಿ ಗೋಲಿನ್ಯಾಗ. ನೀ ಕಾಳಜಿ ಮಾಡಬ್ಯಾಡ.”

ಆಗ ಅವನಿಗೆ ಹೊಟ್ಟೆ ಬಂದಿತ್ತು, ದಾದರದ ಮೆಟ್ಟಿಲು ಹತ್ತಿದರೆ ತೇಕುತ್ತಿದ್ದ. ಗಾಡಿ ಧಾರವಾಡದ ಮೊದಲಿನ ನವಲೂರು ದಾಟುವತನಕ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಬಿಡುಗಡೆ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆ ವಾರವೆಲ್ಲ ಕಾಲೇಜಿನ ಹೊಸ ಪುಸ್ತಕಗಳು, ಹೊಸ ಗೆಳೆಯರು. ಹುಬ್ಬಳ್ಳಿಯಲ್ಲಿ ಯಾರ ಹತ್ತಿರವೂ ಇಲ್ಲದ ಮಾತುಗಳು. ಯಾರಾದರೂ ಫುಟ್‌ಬಾಲ್ ಎಂದರೆ ನನಗೆ ಗೊತ್ತಿಲ್ಲ ಎನ್ನುತ್ತಿದ್ದೆ.

ರವಿವಾರ ಮಧ್ಯಾಹ್ನದಿಂದ ಮಳೆ ಹಿಡಿಯಿತು. ಧಾರವಾಡದ ಮಳೆ ಹುಬ್ಬಳ್ಳಿಯಲ್ಲಿ ಆಗಲೇಬೇಕೆಂದಿಲ್ಲ ಎಂದು ಮನಸ್ಸಿಗೆ ತರ್ಕ ಹೇಳಿದೆ. ಸಂಜೆ ಮಾಮಿ ಊಟಕ್ಕೆ ಕರೆದರು. ಒಲೆಯ ಮೇಲೆ ಎಣ್ಣೆಯ ಸೌಟು, ಅವರ ಕೈಯಲ್ಲಿ ಸಾಸಿವೆಯ ಡಬ್ಬಿ. ಆ ಹೊತ್ತಿಗೆ ಬೈರಿದೇವರಕೊಪ್ಪದ ದಾರಿಯಿಂದ ಅಪ್ಪ ಒದ್ದೆ ಅಂಗಿಯಲ್ಲಿ ಹೊರಟಿರಬೇಕು, ಮೈಯೆಲ್ಲ ಹಸಿರಾಗಿ, ಮೌಲಾಸಾಬನ ಅಂಗಡಿಯ ಮುಂದೆ ಬಂದಿರಬೇಕು.

“ಹಾಕಬ್ಯಾಡ್ರಿ, ಮಾಮಿ,” ಎಂದೆ.

“ಏನು?”

“ಒಗ್ಗರಣಿ. ಹಾಕಬ್ಯಾಡ್ರಿ.”

ಅವರು ಬೆಚ್ಚಿ ತಿರುಗಿದರು. ಕೈ ತನ್ನಷ್ಟಕ್ಕೆ ಎದೆಗೆ ಹೋಯಿತು.

“ಯಾಕೋ? ಹುಬ್ಬಳ್ಳಿಯಿಂದ ಏನರೆ ಸುದ್ದಿ ಬಂತೇನು? ಯಾರು ಹೋದ್ರು?”

“ಯಾರೂ ಇಲ್ಲರಿ. ಇವತ್ತ ಅಲ್ಲಿ ಆಟ ಅದ.”

“ಆಟಕ್ಕೂ ಒಗ್ಗರಣಿಗೂ ಏನ ಸಂಬಂಧೋ? ಸೋತೀರೇನು?”

ಸುದ್ದಿ ನನಗೂ ಬಂದಿರಲಿಲ್ಲ. ಹೌದು ಎನ್ನಬಹುದಿತ್ತು, ಗೊತ್ತಿಲ್ಲ ಎನ್ನಬಹುದಿತ್ತು. ಸೋತೆವು ಎಂಬ ಆ ಶಬ್ದವನ್ನು ಅವ್ವ ನನಗಾಗಿ ಬಿಡಿಸಿಕೊಟ್ಟು ಒಂದು ವಾರವಷ್ಟೇ ಆಗಿತ್ತು.

“ಹೆಚ್ಚಾಗಿರಬೇಕ್ರಿ,” ಎಂದೆ.

ಮಾಮಿಗೆ ಏನು ಅರ್ಥವಾಯಿತೋ ತಿಳಿಯದು. ಡಬ್ಬಿ ಮುಚ್ಚಿ ನನ್ನ ಮುಖವನ್ನೇ ನೋಡುತ್ತ ಸಪ್ಪನೆಯ ಬೇಳೆ ಬಡಿಸಿದರು. ಅಜ್ಜನ ಮೇಲೆ, ಅಪ್ಪನ ಮೇಲೆ, ಎಲ್ಲಕ್ಕಿಂತ ನನ್ನ ನಾಲಗೆಯ ಮೇಲೆ ಸಿಟ್ಟು ಮಾಡಿಕೊಂಡು ತಟ್ಟೆಯನ್ನು ಖಾಲಿ ಮಾಡಿದೆ. ಆಮೇಲೆ ಅದೇ ಸಪ್ಪನೆಯ ಬೇಳೆಯನ್ನು ಇನ್ನಷ್ಟು ಹಾಕ್ರಿ ಎಂದೆ.